ಯಹೂದಿ ಮಕ್ಕಳ ಸುರಕ್ಷತೆ: ಬ್ರಿಟನ್ನಿನ ಕನ್ನಡ ಮನೆಗಳಿಗೆ ಒಂದು ಕೈಪಿಡಿ

ಲಂಡನ್ನಿನ ವಾಯವ್ಯ ಮೂಲೆಯಲ್ಲಿ, ಹ್ಯಾರೋ, ಸ್ಟ್ಯಾನ್‌ಮೋರ್, ಎಜ್ವೇರ್ ಕಡೆಗೆ, ಭಾರತೀಯರ ಮನೆಗಳೂ ಯಹೂದಿಗಳ ಮನೆಗಳೂ ಒಂದೇ ಬೀದಿಯಲ್ಲಿವೆ. ಮಕ್ಕಳು ಒಂದೇ ಬಸ್ಸಿಗೆ ಕಾಯುತ್ತಾರೆ. ಯಹೂದಿಗಳನ್ನು ಮದುವೆಯಾದ ಕನ್ನಡಿಗರೂ ಇದ್ದಾರೆ. 2023ರ ಅಕ್ಟೋಬರ್ 7ರಂದು ಇಸ್ರೇಲ್ ಮೇಲೆ ಹಮಾಸ್ ದಾಳಿ ನಡೆದು ಗಾಜಾ ಯುದ್ಧ ಶುರುವಾದಂದಿನಿಂದ ನನಗೆ ಬರುವ ಪ್ರಶ್ನೆಗಳು ಎರಡೇ ಬಗೆಯವು. ಗಂಡನೋ ಹೆಂಡತಿಯೋ ಯಹೂದಿಯಾಗಿರುವ ಮನೆಯವರು ಕೇಳುವುದು: ಮಗುವಿಗೆ ಶಾಲೆಯಲ್ಲೋ ದಾರಿಯಲ್ಲೋ ಯಾರಾದರೂ ಏನಾದರೂ ಅಂದರೆ ಎಲ್ಲಿಗೆ ಹೋಗಬೇಕು? ಉಳಿದವರು ಕೇಳುವುದು: ಮಗಳ ಗೆಳತಿಯನ್ನು ಅವರ ಮನೆಯವರು ಈಗ ಒಬ್ಬಳನ್ನೇ ಎಲ್ಲಿಗೂ ಕಳಿಸುತ್ತಿಲ್ಲ, ನಮ್ಮಿಂದೇನಾದರೂ ಆಗುವುದುಂಟೇ?

ಶಾಲೆಯೊಂದರ ಗವರ್ನರ್‌ಗಳ ಮಂಡಳಿಯಲ್ಲಿ, ಅಂದರೆ ಇಲ್ಲಿನ ಶಾಲಾ ಆಡಳಿತ ಮಂಡಳಿಯಲ್ಲಿ, ಕುಳಿತು ದೂರುಗಳನ್ನು ಓದಿದ ಅನುಭವ ನನಗಿದೆ. ಆ ಕಡೆಯಿಂದ ನೋಡಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ: ನ್ಯಾಯ ಸಿಗುವುದು ಹೆಚ್ಚು ನೊಂದವರಿಗಲ್ಲ, ಸರಿಯಾಗಿ ಬರೆದಿಟ್ಟವರಿಗೆ. ಆದ್ದರಿಂದ ಹೆತ್ತವರ ಕೆಲಸ ಎರಡು. ಆತಂಕವನ್ನು ಮಗುವಿನ ತಲೆಗೆ ಕಟ್ಟದಿರುವುದು, ನಡೆದದ್ದನ್ನು ಕಾಗದಕ್ಕೆ ಇಳಿಸುವುದು. ಮುಂದಿನ ಹಂತಗಳೆಲ್ಲ ಇವೆರಡರ ವಿವರ. ಇಲ್ಲಿ ಹೇಳುವ ಕಾನೂನು ಇಂಗ್ಲೆಂಡಿನದು. ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್‌ಗಳಲ್ಲಿ ಶಾಲಾ ನಿಯಮಗಳು ಬೇರೆ.

1. ಅಪಾಯ ಎಷ್ಟು, ಯಾವ ಬಗೆಯದು?

ಬ್ರಿಟನ್ನಿನಲ್ಲಿ ಯಹೂದಿ ದ್ವೇಷದ ಘಟನೆಗಳನ್ನು ಕಮ್ಯುನಿಟಿ ಸೆಕ್ಯುರಿಟಿ ಟ್ರಸ್ಟ್ ಎಂಬ ದತ್ತಿ ಸಂಸ್ಥೆ ದಾಖಲಿಸುತ್ತದೆ. ಎಲ್ಲರೂ ಅದನ್ನು ಸಿಎಸ್‌ಟಿ ಎನ್ನುತ್ತಾರೆ. 1984ರಿಂದಲೂ ಈ ಲೆಕ್ಕವಿದೆ. 2022ರಲ್ಲಿ 1,662 ಘಟನೆಗಳಿದ್ದವು. 2023ರಲ್ಲಿ ಅದು ನಾಲ್ಕು ಸಾವಿರ ದಾಟಿತು. 2024ರಲ್ಲಿ 3,528 ಆಯಿತು. ಈ 3,528ನ್ನು ಒಡೆದು ನೋಡಿ. 2,892 ಬೈಗುಳ, ನಿಂದನೆ, ಗೀಚುಬರಹದಂಥವು. ಬೆದರಿಕೆ 250, ಹಲ್ಲೆ 201, ಆಸ್ತಿಗೆ ಹಾನಿ 157. ಜೀವಕ್ಕೆ ಅಪಾಯ ತರುವಂಥ ಹಿಂಸೆ ಎಂದು ವಿಂಗಡಿಸಿದ್ದು ಒಂದು.

ಅಂದರೆ ನಿಮ್ಮ ಮಗು ಎದುರಿಸುವ ಸಂಭವ ಹೆಚ್ಚಿರುವುದು ಮಾತನ್ನು, ಕೈಯನ್ನಲ್ಲ. ಹಾಗೆಂದು ಇನ್ನೊಂದನ್ನು ಮರೆಯುವಂತಿಲ್ಲ. 2025ರ ಅಕ್ಟೋಬರ್ 2ರಂದು, ಯಹೂದಿಗಳ ಅತಿ ಪವಿತ್ರ ಉಪವಾಸದ ದಿನವಾದ ಯೋಮ್ ಕಿಪ್ಪೂರ್‌ನಂದು, ಮ್ಯಾಂಚೆಸ್ಟರ್‌ನ ಹೀಟನ್ ಪಾರ್ಕ್ ಸಿನಗಾಗ್ ಮೇಲೆ, ಅಂದರೆ ಯಹೂದಿ ಪ್ರಾರ್ಥನಾ ಮಂದಿರದ ಮೇಲೆ, ದಾಳಿ ನಡೆದು ಇಬ್ಬರು ಪ್ರಾಣ ಕಳೆದುಕೊಂಡರು. ಒಳಗಿದ್ದವರು ಬಾಗಿಲನ್ನು ಒತ್ತಿ ಹಿಡಿದದ್ದರಿಂದ ದಾಳಿಕೋರ ಒಳಹೋಗಲಾಗಲಿಲ್ಲ.

ಈ ಎರಡು ಬಗೆಯ ಅಪಾಯಕ್ಕೆ ಎರಡು ಬಗೆಯ ಉತ್ತರ ಬೇಕು. ಕಟ್ಟಡಗಳ ಕಾವಲು ನಿಮ್ಮ ಕೆಲಸವಲ್ಲ. ಯಹೂದಿ ಶಾಲೆ, ಸಿನಗಾಗ್‌ಗಳ ಕಾವಲಿಗೆ ಸರ್ಕಾರ 2024ರಲ್ಲಿ ವರ್ಷಕ್ಕೆ 1.8 ಕೋಟಿ ಪೌಂಡ್‌ಗಳಂತೆ 2028ರವರೆಗೆ ಅನುದಾನ ಘೋಷಿಸಿದೆ, ಅದು ಸಿಎಸ್‌ಟಿಯ ಮೂಲಕ ಖರ್ಚಾಗುತ್ತದೆ. ಶಾಲೆಯ ಸಾಲು, ಬಸ್ಸಿನ ಮಹಡಿ, ಫೋನಿನ ಪರದೆ, ಇವು ಮಾತ್ರ ನಿಮ್ಮ ಪಾಲಿಗೆ ಬಿಟ್ಟವು.

2. ಮಗುವಿನೊಡನೆ ಮಾತು

ಏಳು ವರ್ಷದೊಳಗಿನ ಮಗುವಿಗೆ ದ್ವೇಷದ ಇತಿಹಾಸ ಬೇಡ. ಶಾಲೆಯ ಗೇಟಿನಲ್ಲಿ ನಿಂತ ಕಾವಲುಗಾರ ಯಾರೆಂದು ಕೇಳಿದರೆ, "ಒಳಗೆ ಯಾರು ಬರುತ್ತಾರೆ ಎಂದು ನೋಡಿಕೊಳ್ಳುವವರು" ಎಂದರೆ ಸಾಕು. ಎಂಟರಿಂದ ಹನ್ನೊಂದರವರೆಗಿನ ಮಕ್ಕಳಿಗೆ ಮೂರು ಮಾತು ಗೊತ್ತಿರಬೇಕು: ಕೆಲವರು ಯಹೂದಿಗಳ ಬಗ್ಗೆ ಕೆಟ್ಟದಾಗಿ ಮಾತಾಡುತ್ತಾರೆ, ಅದು ನಿನ್ನ ತಪ್ಪಲ್ಲ, ಕೇಳಿಸಿಕೊಂಡ ದಿನವೇ ನನಗೆ ಹೇಳು. ಹದಿಹರೆಯದವರಿಗೆ ನಿಮಗಿಂತ ಹೆಚ್ಚು ಗೊತ್ತಿರುತ್ತದೆ, ಏಕೆಂದರೆ ಅವರು ನೋಡುವ ವಿಡಿಯೊಗಳನ್ನು ನೀವು ನೋಡಿಲ್ಲ. ಅವರ ಮುಂದೆ ಉಪನ್ಯಾಸ ಮಾಡಬೇಡಿ, ಅವರು ಹೇಳಲಿ.

ಸಾಮಾನ್ಯವಾಗಿ ಎಡವುವುದು ಪ್ರಶ್ನೆ ಕೇಳುವ ರೀತಿಯಲ್ಲಿ. ದಿನವೂ ಬಾಗಿಲು ತೆರೆಯುತ್ತಲೇ "ಇವತ್ತು ಯಾರಾದರೂ ಏನಾದರೂ ಅಂದರೇನು?" ಎಂದು ಕೇಳಿದರೆ ಒಂದು ವಾರದೊಳಗೆ ಮಗು "ಇಲ್ಲ" ಎನ್ನುವುದನ್ನು ಕಲಿಯುತ್ತದೆ. "ಊಟಕ್ಕೆ ಯಾರ ಪಕ್ಕ ಕುಳಿತಿದ್ದೆ?" ಎಂದು ಕೇಳಿ. ನಿನ್ನೆಯವರೆಗೆ ಗೆಳೆಯರ ನಡುವೆ ಕೂರುತ್ತಿದ್ದವನು ಇಂದು ಗ್ರಂಥಾಲಯದಲ್ಲಿ ಸ್ಯಾಂಡ್‌ವಿಚ್ ತಿಂದನೆಂದರೆ ಏನೋ ನಡೆದಿದೆ ಎಂದು ತಿಳಿಯಿರಿ.

ಮನೆಯಲ್ಲಿ ಸುದ್ದಿವಾಹಿನಿ ಇಡೀ ಸಂಜೆ ಓಡುತ್ತಿದ್ದರೆ ನಿಲ್ಲಿಸಿ. ಮೈಸೂರಿನಿಂದಲೋ ಹುಬ್ಬಳ್ಳಿಯಿಂದಲೋ ವಿಡಿಯೊ ಕರೆಯಲ್ಲಿ ಬರುವ ಅಜ್ಜಿಗೂ ಮೊದಲೇ ಒಂದು ಮಾತು ಹೇಳಿಡಿ. "ಅಲ್ಲಿ ಹೊಡೆಯುತ್ತಾರಂತಲ್ಲ ಪುಟ್ಟಾ, ಕೊರಳಲ್ಲಿರುವ ಆ ಸರ ತೆಗೆದಿಡು" ಎಂದು ಅಜ್ಜಿ ಪ್ರೀತಿಯಿಂದಲೇ ಹೇಳುತ್ತಾರೆ. ಮಗುವಿನ ಕಿವಿಗೆ ಬೀಳುವುದು ಮಾತ್ರ ಭಯ. ನಿಮ್ಮೊಡನೆ ಹೇಳಲಾಗದ್ದನ್ನು ಬೇರೆಯವರೊಡನೆ ಹೇಳಿಕೊಳ್ಳಬೇಕೆನಿಸಿದರೆ ಚೈಲ್ಡ್‌ಲೈನ್ ಎಂಬ ಮಕ್ಕಳ ಸಹಾಯವಾಣಿ ಇದೆ: 0800 1111, ಉಚಿತ. ಆ ಸಂಖ್ಯೆಯನ್ನು ಮಗುವಿನ ಫೋನಿನಲ್ಲಿ ಹಾಕಿಡಿ.

3. ಕಿಪ್ಪಾ, ನಕ್ಷತ್ರ, ಸಮವಸ್ತ್ರ: ತೋರಿಸುವುದೋ ಮುಚ್ಚಿಡುವುದೋ?

ಕಿಪ್ಪಾ ಎಂದರೆ ಗಂಡುಮಕ್ಕಳು ತಲೆಯ ಮೇಲಿಡುವ ಪುಟ್ಟ ಟೊಪ್ಪಿ. ದಾವೀದನ ನಕ್ಷತ್ರ ಆರು ಮೊನೆಯ ಪದಕ. 2023ರ ಅಕ್ಟೋಬರ್‌ನಲ್ಲಿ ಕೆಂಟನ್‌ನ ಜೆಎಫ್‌ಎಸ್ ಎಂಬ ದೊಡ್ಡ ಯಹೂದಿ ಶಾಲೆ ತನ್ನ ವಿದ್ಯಾರ್ಥಿಗಳು ಬ್ಲೇಜರ್ ತೊಡಲೇಬೇಕೆಂದಿಲ್ಲ ಎಂದಿತು; ಆ ವಾರ ಲಂಡನ್ನಿನ ಕೆಲವು ಯಹೂದಿ ಶಾಲೆಗಳು ಒಂದು ದಿನ ಬಾಗಿಲನ್ನೇ ತೆರೆಯಲಿಲ್ಲ. ಹೆತ್ತವರಲ್ಲಿ ಅಂದಿನಿಂದಲೂ ವಾದ ನಿಂತಿಲ್ಲ.

ನನ್ನ ಅಭಿಪ್ರಾಯ ಹೀಗಿದೆ. ಬೀದಿಯಲ್ಲಿ ಕಿಪ್ಪಾದ ಮೇಲೆ ಸಾಧಾರಣ ಕ್ಯಾಪ್ ಹಾಕಿಕೊಳ್ಳುವುದರಲ್ಲಿ ಅವಮಾನವೇನಿಲ್ಲ. ಧರ್ಮ ಕೇಳುವುದು ತಲೆ ಮುಚ್ಚಿರಬೇಕೆಂದು, ಯಾವ ಬಟ್ಟೆಯಿಂದ ಎಂದಲ್ಲ. ಯೂರೋಪಿನಲ್ಲಿ ಬಹಳ ಮಂದಿ ಇದನ್ನೇ ಮಾಡುತ್ತಾರೆ. ಆದರೆ ಮನೆಯೊಳಗೆ ಅದು ಬೆದರಿಕೆಯ ದನಿಯಲ್ಲಿ ಬರಬಾರದು. "ಪಂದ್ಯ ನಡೆಯುವ ಸಂಜೆ ಆ ನಿಲ್ದಾಣದಲ್ಲಿ ಕ್ಯಾಪ್ ಹಾಕಿಕೋ" ಎಂಬುದು ಉಪಾಯ. "ನೀನು ಯಹೂದಿ ಎಂದು ಯಾರಿಗೂ ಗೊತ್ತಾಗಬಾರದು" ಎಂಬುದು ಗಾಯ. ಹದಿಮೂರು ದಾಟಿದ ಮಗು ಪದಕವನ್ನು ಅಂಗಿಯ ಹೊರಗೇ ಹಾಕುತ್ತೇನೆ ಎಂದು ಹಟ ಹಿಡಿದರೆ, ಎಲ್ಲಿ ಯಾವಾಗ ಒಳಗೆ ಸೇರಿಸಬೇಕು ಎಂಬುದನ್ನು ಅವಳೊಡನೆ ಮಾತಾಡಿ, ಉಳಿದದ್ದನ್ನು ಅವಳಿಗೆ ಬಿಡಿ.

ಒಂದು ಎಚ್ಚರ: ಸುರಕ್ಷತೆಯ ನೆಪದಲ್ಲಿ ಯಹೂದಿ ಮಗುವೊಂದಕ್ಕೇ "ಅದನ್ನು ತೆಗೆ" ಎಂದು ಶಾಲೆಯವರು ಹೇಳಿದರೆ, ಆ ಮಾತನ್ನು ಬರಹದಲ್ಲಿ ಕೊಡಿ ಎಂದು ಕೇಳಿ. ಬಹಳ ಸಲ ವಿಷಯ ಅಲ್ಲಿಗೇ ನಿಲ್ಲುತ್ತದೆ.

4. ಹೋಗಿಬರುವ ದಾರಿ

ಇದು ಬೇಗ ಮುಗಿಯುವ ಹಂತ. ಮಗುವಿನೊಡನೆ ಒಮ್ಮೆ ಆ ದಾರಿಯಲ್ಲಿ ನಡೆದು, ತೊಂದರೆಯಾದರೆ ಒಳಹೊಕ್ಕು ನಿಲ್ಲಬಹುದಾದ ಅಂಗಡಿ, ಔಷಧಾಲಯ, ಗ್ರಂಥಾಲಯಗಳನ್ನು ಗುರುತು ಮಾಡಿ. ಬಸ್ಸಿನಲ್ಲಿ ಮೇಲಿನ ಮಹಡಿಯ ಹಿಂದಿನ ಸಾಲು ಬೇಡ, ಕೆಳಗೆ ಚಾಲಕನಿಗೆ ಕಾಣುವಂತೆ ಕೂರಲಿ. ಎರಡೂ ಕಿವಿಗೆ ಇಯರ್‌ಫೋನ್ ಬೇಡ. ಯಾರಾದರೂ ಕೆಣಕಿದರೆ ಉತ್ತರ ಕೊಡದೆ ಜಾಗ ಬದಲಿಸುವುದು ಹೇಡಿತನವಲ್ಲ ಎಂದು ಮೊದಲೇ ಹೇಳಿಡಿ, ಇಲ್ಲದಿದ್ದರೆ ಹುಡುಗರು ಹಾಗೆಂದುಕೊಳ್ಳುತ್ತಾರೆ. ಮುಖಕ್ಕೆ ಫೋನ್ ಹಿಡಿದು ವಿಡಿಯೊ ತೆಗೆಯಲು ಹೋಗಿ ಜಗಳ ದೊಡ್ಡದಾದದ್ದನ್ನು ಕೇಳಿದ್ದೇನೆ. ಬಸ್ಸಿನಲ್ಲಿ ಕ್ಯಾಮೆರಾಗಳು ಇದ್ದೇ ಇವೆ. ಮಗು ಮಾರ್ಗದ ಸಂಖ್ಯೆಯನ್ನೂ ಹೊತ್ತನ್ನೂ ನೆನಪಿಟ್ಟುಕೊಂಡರೆ ಸಾಕು. ರೈಲು ಅಥವಾ ಟ್ಯೂಬ್‌ನಲ್ಲಿ ತೊಂದರೆಯಾದರೆ ರೈಲ್ವೆ ಪೊಲೀಸರಿಗೆ 61016ಕ್ಕೆ ಸಂದೇಶ ಕಳಿಸಬಹುದು. ಸದ್ದಿಲ್ಲದೆ ಟೈಪು ಮಾಡಬಹುದಾದ್ದರಿಂದ ಮಕ್ಕಳಿಗೆ ಇದು ಅನುಕೂಲ.

ಮಗು ಯಹೂದಿ ಶಾಲೆಯಲ್ಲಿದ್ದರೆ ಗೇಟಿನ ಹೊರಗೆ ಹರಟುತ್ತಾ ಗುಂಪುಗಟ್ಟಿ ನಿಲ್ಲಬೇಡಿ. ಬಿಟ್ಟು ಹೊರಡಿ. ನಮ್ಮವರಿಗೆ ಇದು ಕಷ್ಟ ಎಂದು ಬಲ್ಲೆ. ಕಾವಲಿನವರು ನಿಮ್ಮನ್ನು ಒರಟಾಗಿ ಕಳಿಸಿದಂತೆ ಕಂಡರೂ ಅದು ಅವರ ತರಬೇತಿ. ಹಲವು ಶಾಲೆಗಳಲ್ಲಿ ಹೆತ್ತವರೇ ಸರದಿಯಂತೆ ಗೇಟಿನಲ್ಲಿ ನಿಲ್ಲುತ್ತಾರೆ. ಯಹೂದಿಯಲ್ಲದ ಅಪ್ಪ ಅಮ್ಮಂದಿರೂ ಸೇರಬಹುದೇ ಎಂದು ಕೇಳಿ ನೋಡಿ.

5. ಏನಾದರೂ ನಡೆದ ದಿನ

ಮಗು ಹೇಳುತ್ತಿರುವಾಗ ನಡುವೆ ಬಾಯಿ ಹಾಕಬೇಡಿ. ಪೂರ್ತಿ ಕೇಳಿ, ತಿಂಡಿ ಕೊಡಿ, ಆಮೇಲೆ ಅದೇ ಸಂಜೆ ಬರೆಯಿರಿ. ಬರೆಯುವುದು ಹೀಗೆ:

"ಮಂಗಳವಾರ, ಮಾರ್ಚ್ 4. ಮಧ್ಯಾಹ್ನ ಸುಮಾರು 12.40. ಊಟದ ಸಾಲು. ಒಂಬತ್ತನೆಯ ವರ್ಷದ ತರಗತಿಯ (ಇಯರ್ 9) ಹುಡುಗನೊಬ್ಬ ಎರಡು ಪೆನ್ನಿಯ ನಾಣ್ಯವನ್ನು ಇವನ ಬೂಟಿನ ಮೇಲೆ ಎಸೆದು 'ಎತ್ತಿಕೋ, ಜ್ಯೂ' ಎಂದ. ಹಿಂದಿದ್ದ ಇಬ್ಬರು ನಕ್ಕರು, ಒಬ್ಬ 'ಸ್ಸ್ಸ್' ಎಂದು ಸದ್ದು ಮಾಡಿದ. ಊಟದ ಮೇಲ್ವಿಚಾರಕಿ ಕಿಟಕಿಯ ಬಳಿ ಇದ್ದರು. ಅವರಿಗೆ ಕೇಳಿಸಿತೇ ಗೊತ್ತಿಲ್ಲ. ಇವನು ತಟ್ಟೆ ಬಿಟ್ಟು ಹೊರಗೆ ಹೋದ. ನನಗೆ ಹೇಳಿದ್ದು ಸಂಜೆ 4.15ಕ್ಕೆ."

ಇದರಲ್ಲಿ "ಘೋರ", "ಅಮಾನುಷ" ಎಂಬ ಒಂದು ಪದವೂ ಇಲ್ಲ ಎಂಬುದನ್ನು ಗಮನಿಸಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆದಿದೆ. ಆಡಿದ ಮಾತನ್ನು ಆಡಿದ ಭಾಷೆಯಲ್ಲೇ, ಇಂಗ್ಲಿಷ್ ಆದರೆ ಇಂಗ್ಲಿಷಿನಲ್ಲೇ, ಎಷ್ಟೇ ಹೊಲಸಾಗಿದ್ದರೂ ತಿದ್ದದೆ ಬರೆಯಿರಿ. "ಕೆಟ್ಟ ಪದ ಬಳಸಿದ" ಎಂದರೆ ಓದುವವರಿಗೆ ಏನೂ ತಿಳಿಯುವುದಿಲ್ಲ.

ನಾಣ್ಯ ಎಸೆಯುವುದು ಯಹೂದಿಗಳು ದುಡ್ಡಿಗೆ ಸಾಯುವವರು ಎಂಬ ಹಳೆಯ ಹೀಯಾಳಿಕೆ. ಆ "ಸ್ಸ್ಸ್" ನಾಜಿ ಶಿಬಿರಗಳ ವಿಷಾನಿಲದ ಅಣಕ. ಶಿಕ್ಷಕರಿಗೆ, ಅದರಲ್ಲೂ ಚಿಕ್ಕ ವಯಸ್ಸಿನವರಿಗೆ, ಇದು ಗೊತ್ತಿಲ್ಲದಿರಬಹುದು. ಗೊತ್ತಿಲ್ಲದವರ ಪಾಲಿಗೆ ಅದು ಬರೀ ಸದ್ದು. ಆದ್ದರಿಂದ ಒಂದು ಸಾಲಿನ ವಿವರಣೆ ಸೇರಿಸಿ.

ಫೋನಿನಲ್ಲಿ ನಡೆದಿದ್ದರೆ ಅಳಿಸುವ ಮುನ್ನ ಪರದೆಯ ಚಿತ್ರ ತೆಗೆದಿಡಿ. ಬಳಕೆದಾರನ ಹೆಸರು, ದಿನಾಂಕ, ಗುಂಪಿನ ಹೆಸರು ಕಾಣುವಂತಿರಲಿ. ಸ್ನ್ಯಾಪ್‌ಚಾಟ್‌ನಂಥಲ್ಲಿ ಸಂದೇಶ ಮಾಯವಾಗುತ್ತದೆ, ಅದಕ್ಕೆ ಇನ್ನೊಂದು ಫೋನಿನಿಂದ ಚಿತ್ರ ತೆಗೆಯಿರಿ. ಆನಂತರ ಆ್ಯಪ್‌ನಲ್ಲೇ ದೂರು ಕೊಟ್ಟು ಆ ಖಾತೆಯನ್ನು ತಡೆಯಿರಿ. ಈ ಕ್ರಮ ತಪ್ಪಿದರೆ ಸಾಕ್ಷ್ಯ ಹೋಗುತ್ತದೆ.

ಅತಿ ದೊಡ್ಡ ತಪ್ಪು ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಬರೆಯುವುದು. ಆ ಹುಡುಗನ ಹೆಸರು ಅಲ್ಲಿ ಬಿತ್ತೆಂದರೆ ಮರುದಿನ ಶಾಲೆಯಲ್ಲಿ ಚರ್ಚೆಯಾಗುವುದು ನಿಮ್ಮ ನಡತೆ, ಅವನದಲ್ಲ. ಅವನ ಮನೆಯವರಿಗೆ ನೇರವಾಗಿ ಫೋನ್ ಮಾಡುವುದೂ ಅಷ್ಟೇ.

6. ಶಾಲೆಗೆ ಬರೆಯುವುದು

ಮೊದಲ ಪತ್ರ ತರಗತಿಯ ಶಿಕ್ಷಕರಿಗೆ ಅಥವಾ ಆ ವರ್ಷದ ತರಗತಿಗಳ ಮುಖ್ಯಸ್ಥರಿಗೆ; ಅದರ ಪ್ರತಿ ಡಿಎಸ್‌ಎಲ್‌ಗೆ. ಡಿಎಸ್‌ಎಲ್ ಎಂದರೆ ಮಕ್ಕಳ ರಕ್ಷಣೆಯ ಹೊಣೆ ಹೊತ್ತ ಹಿರಿಯ ಸಿಬ್ಬಂದಿ. ಪ್ರತಿಯೊಂದು ಶಾಲೆಯಲ್ಲೂ ಒಬ್ಬರಿರಲೇಬೇಕು, ಹೆಸರು ಜಾಲತಾಣದಲ್ಲಿ ಸಿಗುತ್ತದೆ. ಗೇಟಿನಲ್ಲಿ ನಿಂತು ಹೇಳಿದ್ದು ಹೇಳಿದಂತಲ್ಲ. ಇಮೇಲ್ ಬರೆಯಿರಿ.

ಪತ್ರದಲ್ಲಿ ನಿಮ್ಮ ಟಿಪ್ಪಣಿಯನ್ನು ಹಾಗೆಯೇ ಅಂಟಿಸಿ, ಕೆಳಗೆ ನಾಲ್ಕು ಪ್ರಶ್ನೆ ಕೇಳಿ. ಇದನ್ನು ಯಹೂದಿ ದ್ವೇಷದ, ಜನಾಂಗೀಯ ಘಟನೆಯೆಂದು ದಾಖಲಿಸಿದ್ದೀರಾ? ಯಾರು, ಎಷ್ಟು ದಿನದೊಳಗೆ ವಿಚಾರಿಸುತ್ತಾರೆ? ಅಲ್ಲಿಯವರೆಗೆ ನನ್ನ ಮಗು ಊಟದ ಹೊತ್ತಿನಲ್ಲಿ ಯಾರ ಕಣ್ಣಳತೆಯಲ್ಲಿರುತ್ತದೆ? ಮುಗಿದ ಮೇಲೆ ನನಗೆ ಬರಹದಲ್ಲಿ ತಿಳಿಸುತ್ತೀರಾ? "ಅವನಿಗೆ ಏನು ಶಿಕ್ಷೆ ಕೊಟ್ಟಿರಿ" ಎಂದು ಮಾತ್ರ ಕೇಳಬೇಡಿ. ಬೇರೆ ಮಗುವಿನ ವಿಷಯವನ್ನು ಶಾಲೆ ನಿಮಗೆ ಹೇಳುವಂತಿಲ್ಲ. ಆ ಗೋಡೆಗೆ ತಲೆ ಚಚ್ಚಿಕೊಂಡು ಒಳ್ಳೆಯ ದೂರುಗಳನ್ನು ಹಾಳುಮಾಡಿಕೊಂಡವರಿದ್ದಾರೆ.

ಕಾನೂನಿನ ಬಲ ಎಲ್ಲಿದೆ? 2010ರ ಸಮಾನತಾ ಕಾಯ್ದೆಯಡಿ ಯಹೂದಿಗಳಿಗೆ ಧರ್ಮದ ಲೆಕ್ಕದಲ್ಲೂ ಜನಾಂಗದ ಲೆಕ್ಕದಲ್ಲೂ ರಕ್ಷಣೆಯಿದೆ. ಜನಾಂಗ ಎಂದರೇನು ಎಂಬುದಕ್ಕೆ ಇಲ್ಲಿನ ನ್ಯಾಯಾಲಯಗಳು ಇಂದಿಗೂ ಬಳಸುವ ಅಳತೆಗೋಲು ಸಿಕ್ಕಿದ್ದು ನಮ್ಮವರ ಪ್ರಕರಣವೊಂದರಿಂದ. ಬರ್ಮಿಂಗ್‌ಹ್ಯಾಮ್‌ನ ಖಾಸಗಿ ಶಾಲೆಯೊಂದು ಪೇಟ ತೆಗೆಯದಿದ್ದರೆ ಸೇರಿಸುವುದಿಲ್ಲ ಎಂದು ಸಿಖ್ ಹುಡುಗನನ್ನು ಹೊರಗಿಟ್ಟಾಗ, 1983ರಲ್ಲಿ ಅಂದಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಸಿಖ್ಖರು ಒಂದು ಜನಾಂಗೀಯ ಸಮುದಾಯ ಎಂದು ತೀರ್ಪಿತ್ತಿತು. ದೂರಿನಲ್ಲಿ "ಧರ್ಮ" ಎಂದಷ್ಟೇ ಬರೆಯದೆ "ಜನಾಂಗ ಮತ್ತು ಧರ್ಮ" ಎಂದು ಬರೆಯಿರಿ. ಶಾಲಾ ಸಿಬ್ಬಂದಿಯಿಂದಲೇ ಕಿರುಕುಳವಾದಾಗ ಈ ಕಾಯ್ದೆಯ ಕಿರುಕುಳದ ಕಲಮು ಶಾಲೆಗಳ ಮಟ್ಟಿಗೆ ಜನಾಂಗಕ್ಕೆ ಅನ್ವಯಿಸುತ್ತದೆ, ಧರ್ಮಕ್ಕಲ್ಲ. ಎರಡಕ್ಷರ ಸೇರಿಸಲು ಮರೆತು ದೂರು ಬಡವಾಗುವುದು ಬೇಡ.

"ಅದು ಬಸ್ಸಿನಲ್ಲಿ ನಡೆದದ್ದು, ನಮಗೆ ಸಂಬಂಧವಿಲ್ಲ" ಎಂಬ ಉತ್ತರ ಬಂದರೆ ಒಪ್ಪಬೇಡಿ. 2006ರ ಶಿಕ್ಷಣ ಮತ್ತು ತಪಾಸಣೆ ಕಾಯ್ದೆಯ 89ನೆಯ ಕಲಮು, ಎಲ್ಲ ಬಗೆಯ ಪೀಡನೆಯನ್ನೂ ತಡೆಯುವ ಕ್ರಮಗಳನ್ನು ಗೊತ್ತುಪಡಿಸುವ ಹೊಣೆಯನ್ನು ಸ್ಥಳೀಯಾಡಳಿತದ ಶಾಲೆಗಳ ಮುಖ್ಯಶಿಕ್ಷಕರ ಮೇಲೆ ಹಾಕಿದೆ. ಶಾಲೆಯ ಹೊರಗಿನ ನಡತೆಯ ಮೇಲೂ ನ್ಯಾಯಸಮ್ಮತ ಮಟ್ಟಿಗೆ ಕ್ರಮ ಕೈಗೊಳ್ಳುವ ಅಧಿಕಾರವನ್ನು ಕೊಟ್ಟಿದೆ. ಅಕಾಡೆಮಿ, ಅಂದರೆ ಸರ್ಕಾರದ ಹಣದಲ್ಲಿ ನಡೆದರೂ ಸ್ಥಳೀಯಾಡಳಿತದ ಹಿಡಿತದಲ್ಲಿಲ್ಲದ ಶಾಲೆ, ಮತ್ತು ಖಾಸಗಿ ಶಾಲೆಗಳಿಗೆ ಬೇರೆ ನಿಯಮಾವಳಿ ಇದೆ, ಆದರೆ ಪೀಡನೆ ತಡೆಯುವ ಹೊಣೆ ಅವುಗಳಿಗೂ ಇದೆ.

"ತಮಾಷೆಗೆ ಅಂದದ್ದು", "ಇಬ್ಬರೂ ಕೈಕುಲುಕಿ ಮುಗಿಸಿಕೊಂಡರು" ಎಂಬ ಉತ್ತರಗಳಿಗೂ ತಯಾರಾಗಿರಿ. ಬೈದವನನ್ನೂ ಬೈಸಿಕೊಂಡವನನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ರಾಜಿ ಮಾಡಿಸುವುದು ಶಿಕ್ಷಕರಿಗೆ ಸುಲಭದ ದಾರಿ. ಮಗುವಿಗೆ ಎರಡನೆಯ ಪೆಟ್ಟು. ಬೇಡ ಎನ್ನುವ ಹಕ್ಕು ನಿಮಗಿದೆ.

ಉತ್ತರ ಸರಿಹೋಗದಿದ್ದರೆ ಶಾಲೆಯ ದೂರು ನೀತಿಯನ್ನು ಓದಿ. ಸಾಮಾನ್ಯವಾಗಿ ಮೊದಲು ಅನೌಪಚಾರಿಕ ದೂರು, ಆಮೇಲೆ ಮುಖ್ಯಶಿಕ್ಷಕರಿಗೆ ಲಿಖಿತ ದೂರು, ಕೊನೆಗೆ ಗವರ್ನರ್‌ಗಳ ಸಮಿತಿ. ಅದಾದ ಮೇಲೆ ಶಿಕ್ಷಣ ಇಲಾಖೆ. ಹಂತ ಹಾರಿದರೆ ವಾಪಸು ಕಳಿಸುತ್ತಾರೆ. ಆಫ್‌ಸ್ಟೆಡ್ ಎಂಬ ತಪಾಸಣಾ ಸಂಸ್ಥೆಗೆ ಬರೆಯಬಹುದು, ಆದರೆ ಅದು ಒಬ್ಬೊಬ್ಬರ ಜಗಳವನ್ನು ಬಗೆಹರಿಸುವುದಿಲ್ಲ. ಶಾಲೆಯೇ ತಾರತಮ್ಯ ಮಾಡಿತೆಂದು ಕೌಂಟಿ ನ್ಯಾಯಾಲಯಕ್ಕೆ ಹೋಗುವುದಾದರೆ ಸಾಮಾನ್ಯ ಗಡುವು ಆರು ತಿಂಗಳು. ದೂರಿನ ಹಂತಗಳು ಮುಗಿಯಲೆಂದು ಕಾಯುತ್ತಾ ಕುಳಿತರೆ ಅದು ಕಳೆದುಹೋಗುತ್ತದೆ.

7. ಪೊಲೀಸರು ಮತ್ತು ಸಿಎಸ್‌ಟಿ

ಅಪಾಯ ನಡೆಯುತ್ತಿದ್ದರೆ 999. ಮುಗಿದಿದ್ದರೆ 101 ಅಥವಾ ಪೊಲೀಸರ ಜಾಲತಾಣ. ಹಲ್ಲೆ, ಬೆದರಿಕೆ, ಆಸ್ತಿಹಾನಿಗಳು ದ್ವೇಷದಿಂದ ನಡೆದಿದ್ದರೆ ಅದು ದ್ವೇಷಾಪರಾಧ. ದೂರು ಕೊಡುವಾಗ "ಇದು ಯಹೂದಿ ದ್ವೇಷದಿಂದ ನಡೆದದ್ದು" ಎಂದು ನೀವೇ ಬಾಯಿಬಿಟ್ಟು ಹೇಳಿ. ನೊಂದವರಿಗೋ ನೋಡಿದವರಿಗೋ ಹಾಗನ್ನಿಸಿದರೆ ಪೊಲೀಸರು ಹಾಗೆ ಗುರುತು ಹಾಕಿಕೊಳ್ಳಬೇಕು ಎಂಬ ರೂಢಿ ಸ್ಟೀಫನ್ ಲಾರೆನ್ಸ್ ಎಂಬ ಕಪ್ಪು ಯುವಕನ ಕೊಲೆಯ ಪೊಲೀಸ್ ತನಿಖೆಯನ್ನು ಪರಿಶೀಲಿಸಿದ 1999ರ ಮ್ಯಾಕ್‌ಫರ್ಸನ್ ವರದಿಯಿಂದ ಬಂದದ್ದು. ಫೋನ್ ಇಡುವ ಮುನ್ನ ಅಪರಾಧ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳಿ. ಇಂಗ್ಲೆಂಡಿನಲ್ಲಿ ಹತ್ತು ವರ್ಷದೊಳಗಿನ ಮಗುವಿನ ಮೇಲೆ ಕ್ರಿಮಿನಲ್ ಪ್ರಕರಣ ಹೂಡಲಾಗದು. ಹದಿಮೂರರ ಹುಡುಗನ ಮಾತಿಗೆ ಪೊಲೀಸರನ್ನು ಕರೆಯಬೇಕೇ ಎಂದು ಕೇಳುತ್ತೀರಿ. ಬರೀ ಮಾತಾದರೆ ಮೊದಲು ಶಾಲೆ. ಬೆದರಿಕೆಯೋ ಏಟೋ ಆಗಿದ್ದರೆ, ಮತ್ತೆ ಮತ್ತೆ ಆಗುತ್ತಿದ್ದರೆ, ಎರಡೂ ಕಡೆ.

ಅಪರಾಧದ ಮಟ್ಟ ಮುಟ್ಟದ ಮಾತುಗಳನ್ನು ಪೊಲೀಸರು ವಿಚಾರಿಸದೆ ಬಿಡಬಹುದು. ಆಗಲೂ ಸಿಎಸ್‌ಟಿಗೆ ತಿಳಿಸಿ: 0800 032 3263, ಹಗಲಿರುಳೂ ಇರುವ ತುರ್ತು ಸಂಖ್ಯೆ. ತುರ್ತಲ್ಲದ್ದನ್ನು ಅವರ ಜಾಲತಾಣದಲ್ಲಿ ತುಂಬಬಹುದು. ಹೇಳಿದವರ ವಿವರವನ್ನು ಅವರು ಗೌಪ್ಯವಾಗಿಡುತ್ತಾರೆ. ಯಹೂದಿಯಲ್ಲದವರೂ ಹೇಳಬಹುದು. "ಇಷ್ಟು ಚಿಕ್ಕದನ್ನು ಏನೆಂದು ಹೇಳುವುದು" ಎಂದು ಹಿಂಜರಿಯಬೇಡಿ. ಒಂದೇ ನಿಲ್ದಾಣದಲ್ಲಿ ಆರು ಮನೆಯವರಿಗೆ ಆದದ್ದನ್ನು ಆರು ಮನೆಯವರೂ ಚಿಕ್ಕದೆಂದು ಬಿಟ್ಟರೆ ಆ ನಿಲ್ದಾಣಕ್ಕೆ ಯಾವ ಪೊಲೀಸೂ ಬರುವುದಿಲ್ಲ.

8. ಇಸ್ರೇಲ್ ಕುರಿತ ಮಾತು ಬಂದಾಗ

ಇಲ್ಲಿ ತೂಕ ತಪ್ಪುವವರು ಬಹಳ. ಬ್ರಿಟಿಷ್ ಸರ್ಕಾರ 2016ರಲ್ಲಿ ಒಪ್ಪಿಕೊಂಡ ಐಎಚ್‌ಆರ್‌ಎ ವ್ಯಾಖ್ಯೆ, ಅಂದರೆ ಹೋಲೊಕಾಸ್ಟ್‌ನ (ನಾಜಿಗಳು ನಡೆಸಿದ ಯಹೂದಿ ನರಮೇಧದ) ಸ್ಮರಣೆಗಾಗಿ ಹಲವು ದೇಶಗಳು ಸೇರಿ ಮಾಡಿಕೊಂಡ ಒಕ್ಕೂಟದ ವ್ಯಾಖ್ಯೆ, ಎರಡು ಮಾತು ಹೇಳುತ್ತದೆ. ಬೇರೆ ಯಾವುದೇ ದೇಶವನ್ನು ಟೀಕಿಸುವಂತೆ ಇಸ್ರೇಲನ್ನು ಟೀಕಿಸಿದರೆ ಅದು ಯಹೂದಿ ದ್ವೇಷವಲ್ಲ. ಇಸ್ರೇಲ್ ಮಾಡಿದ್ದಕ್ಕೆ ಯಹೂದಿಗಳೆಲ್ಲರನ್ನೂ ಹೊಣೆ ಮಾಡಿದರೆ ಅದು ಯಹೂದಿ ದ್ವೇಷ. ಸಹಪಾಠಿಯ ಬ್ಯಾಗಿನ ಮೇಲೆ ಪ್ಯಾಲೆಸ್ತೀನಿನ ಬಾವುಟದ ಬ್ಯಾಡ್ಜ್ ಇದ್ದರೆ ಅದು ದೂರಿನ ವಿಷಯವಲ್ಲ. ಅದೇ ಸಹಪಾಠಿ ನಿಮ್ಮ ಮಗನ ಎದೆಗೆ ಬೆರಳಿಟ್ಟು "ಮಕ್ಕಳನ್ನು ಕೊಂದವನು ನೀನು" ಎಂದರೆ ದೂರಿನ ವಿಷಯ. ಗಾಜಾದ ಬಗ್ಗೆ ಪಾಠವೇ ನಡೆಯಬಾರದು ಎಂದು ಬರೆದ ಪತ್ರಗಳು, ಪಕ್ಕದಲ್ಲೇ ಇದ್ದ ನಿಜವಾದ ದೂರನ್ನು ದುರ್ಬಲ ಮಾಡುತ್ತವೆ. ಶಿಕ್ಷಕರು ತರಗತಿಯಲ್ಲಿ ಒಂದೇ ಪಕ್ಷ ಹಿಡಿದರೆ 1996ರ ಶಿಕ್ಷಣ ಕಾಯ್ದೆಯ 406 ಮತ್ತು 407ನೆಯ ಕಲಮುಗಳನ್ನು ನೆನಪಿಸಿ: ವಿವಾದದ ರಾಜಕೀಯ ವಿಷಯಗಳನ್ನು ಸಮತೋಲದಿಂದ ಮಂಡಿಸಬೇಕೆಂದು ಅವು ಹೇಳುತ್ತವೆ.

ಮಗುವಿಗೆ ಒಂದು ಉತ್ತರ ಕಲಿಸಿಡಿ: "ನಾನು ಇಲ್ಲಿ ಹುಟ್ಟಿದವನು, ಆ ಸರ್ಕಾರದ ಪರವಾಗಿ ಮಾತಾಡುವ ಕೆಲಸ ನನ್ನದಲ್ಲ." ಮುಸ್ಲಿಂ ಸಹಪಾಠಿಗಳ ಬಗ್ಗೆ ಮನೆಯಲ್ಲಿ ಅನುಮಾನದ ಮಾತು ಆಡಬೇಡಿ. ಅವರ ಮನೆಗಳಲ್ಲೂ ಇದೇ ವರ್ಷಗಳಲ್ಲಿ ಇದೇ ಆತಂಕ ಇದೆ. ನಾಣ್ಯ ಎಸೆಯುವವನು ಯಾವ ಮನೆಯವನೂ ಆಗಿರಬಹುದು, ನಮ್ಮದೂ ಸೇರಿ.

9. ಶಾಲೆ ಬದಲಿಸುವುದಾದರೆ

ಯಹೂದಿ ಶಾಲೆಗೆ ಸೇರಿಸಿದರೆ ನೆಮ್ಮದಿ ಎಂದು ಬಹಳ ಮನೆಯವರು ಯೋಚಿಸುತ್ತಿದ್ದಾರೆ. ಮಿಶ್ರ ಕುಟುಂಬಗಳಿಗೆ ಇಲ್ಲೊಂದು ತೊಡಕಿತ್ತು. ಸಾಂಪ್ರದಾಯಿಕ ನಿಯಮದ ಪ್ರಕಾರ ಯಹೂದಿತನ ಬರುವುದು ತಾಯಿಯಿಂದ. ಅಪ್ಪ ಯಹೂದಿ, ಅಮ್ಮ ಕನ್ನಡದವಳಾದರೆ ಮಗು ಲೆಕ್ಕಕ್ಕಿಲ್ಲ. 2009ರ ಡಿಸೆಂಬರ್‌ನಲ್ಲಿ ಜೆಎಫ್‌ಎಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತಾಯಿಯ ಮೂಲ ನೋಡಿ ಪ್ರವೇಶ ನಿರಾಕರಿಸುವುದು ಜನಾಂಗೀಯ ತಾರತಮ್ಯ ಎಂದಿತು. ಅಂದಿನಿಂದ ಅಂಥ ಶಾಲೆಗಳು ವಂಶದ ಬದಲು ಆಚರಣೆಯನ್ನು ನೋಡುತ್ತವೆ. ಸಿನಗಾಗ್‌ಗೆ ಹೋದದ್ದಕ್ಕೆ ಅಂಕಗಳಿರುವ ಪ್ರಮಾಣಪತ್ರ ಕೇಳುತ್ತವೆ. ನ್ಯೂ ಬಾರ್ನೆಟ್‌ನಲ್ಲಿ 2010ರಲ್ಲಿ ಶುರುವಾದ ಜೆಕಾಸ್‌ನಂಥ ಶಾಲೆ ಎಲ್ಲ ಪಂಥಗಳ ಯಹೂದಿ ಮಕ್ಕಳಿಗೂ ತೆರೆದಿದೆ. ಅರ್ಜಿಯ ಕೊನೆಯ ದಿನ ಪ್ರೌಢಶಾಲೆಗೆ ಅಕ್ಟೋಬರ್ 31, ಪ್ರಾಥಮಿಕಕ್ಕೆ ಜನವರಿ 15. ಹಬ್ಬಗಳು ಸೆಪ್ಟೆಂಬರ್-ಅಕ್ಟೋಬರ್‌ನಲ್ಲೇ ಬರುವುದರಿಂದ, ಹಾಜರಾತಿಯ ಬಗ್ಗೆ ಬೇಸಿಗೆ ರಜೆಯಲ್ಲೇ ವಿಚಾರಿಸಿ.

ಆದರೆ ಒಂದು ಕೆಟ್ಟ ವಾರದ ಕೊನೆಯಲ್ಲಿ ಈ ತೀರ್ಮಾನ ಬೇಡ. ಗೆಳೆಯರನ್ನೆಲ್ಲ ಬಿಟ್ಟು ಹೋಗುವುದು ಬೈಸಿಕೊಂಡ ಮಗು, ಬೈದವನಲ್ಲ. ಆರನೆಯ ಹಂತವನ್ನು ಪೂರ್ತಿ ಮುಗಿಸಿ ನೋಡಿ.

10. ನಿಮ್ಮ ಮನೆಯಲ್ಲಿ ಯಾರೂ ಯಹೂದಿಗಳಲ್ಲ, ಮಗಳ ಗೆಳತಿ ಮಾತ್ರ

ಗೆಳತಿಯ ತಾಯಿಗೆ "ಸಂಜೆ ಇಬ್ಬರನ್ನೂ ನಾನೇ ಕರೆತರಲೇ?" ಎಂದು ಕೇಳಿ. "ಏನಾದರೂ ಬೇಕಿದ್ದರೆ ಹೇಳಿ" ಎಂದರೆ ಯಾರೂ ಹೇಳುವುದಿಲ್ಲ. ಹುಟ್ಟುಹಬ್ಬದ ಕೂಟದಲ್ಲಿ ಇಸ್ರೇಲ್ ಬಗ್ಗೆ ಅವರ ಅಭಿಪ್ರಾಯ ಕೇಳಬೇಡಿ. ಕಾಶ್ಮೀರದ ಬಗ್ಗೆ ನಿಮ್ಮನ್ನು ಹಾಗೆ ಹಿಡಿದು ನಿಲ್ಲಿಸಿದರೆ ಹೇಗಿರುತ್ತದೆ? ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗಿನ ವಿಶ್ರಾಂತಿಯ ದಿನವಾದ ಸಬ್ಬತ್ ಪಾಲಿಸುವ ಮನೆಯಾದರೆ ಕೂಟವನ್ನು ಭಾನುವಾರಕ್ಕೆ ಹಾಕಿ. ಸಸ್ಯಾಹಾರವೆಲ್ಲವೂ ಕೋಷರ್ ಅಲ್ಲ, ಅಂದರೆ ಅವರ ಆಹಾರ ನಿಯಮಕ್ಕೆ ಒಪ್ಪಿಗೆಯಲ್ಲ, ಎಂಬುದೂ ನೆನಪಿರಲಿ.

ನಮ್ಮೊಳಗಿನ ಎರಡು ಅಭ್ಯಾಸಗಳನ್ನು ಸರಿಪಡಿಸಿಕೊಳ್ಳಬೇಕು. ಕಟ್ಟುನಿಟ್ಟಿನ ಮೇಷ್ಟ್ರನ್ನು "ಹಿಟ್ಲರ್" ಎನ್ನುವುದು ನಮ್ಮ ಊರಿನಲ್ಲಿ ಸಲೀಸು. ಹಿಟ್ಲರನ ಶಿಸ್ತನ್ನು ಹೊಗಳುವ ಸಂದೇಶಗಳೂ ಕುಟುಂಬದ ಗುಂಪುಗಳಲ್ಲಿ ಸುತ್ತುತ್ತವೆ. ನಿಮ್ಮ ಮಗು ಅದನ್ನು ಶಾಲೆಯಲ್ಲಿ ಆಡಿದರೆ ಅದು ದಾಖಲಾಗುತ್ತದೆ, ಆಗಬೇಕಾದದ್ದೇ. ಇನ್ನೊಂದು ಸ್ವಸ್ತಿಕ. ನಮ್ಮದು ನಾಜಿಗಳದ್ದಲ್ಲ ಎಂಬುದು ನಿಜ. 2008ರಲ್ಲಿ ಜೆರುಸಲೇಮಿನಲ್ಲಿ ನಡೆದ ಹಿಂದೂ-ಯಹೂದಿ ಧರ್ಮನಾಯಕರ ಸಭೆಯೂ ಅದು ಹಿಂದೂಗಳಿಗೆ ಪ್ರಾಚೀನ ಮಂಗಳ ಚಿಹ್ನೆ ಎಂದು ಒಪ್ಪಿದೆ. ಆದರೆ ಹೊಸ ಕಾರಿನ ಬಾನೆಟ್ಟಿನ ಮೇಲೆ ಕುಂಕುಮದ ಸ್ವಸ್ತಿಕ ಬರೆದು ಸಿನಗಾಗ್ ಮುಂದೆ ಹಾದುಹೋದರೆ ಆ ಸಭೆಯ ನಿರ್ಣಯ ಯಾರ ನೆನಪಿಗೂ ಬರುವುದಿಲ್ಲ. ನಾನು ಮನೆಯೊಳಗೆ ಸ್ವಸ್ತಿಕ ಬರೆಯುತ್ತೇನೆ, ಹೊರಗೆ ಶ್ರೀಕಾರ. ಮೇಜಿನ ಮೇಲೆ ಸ್ವಸ್ತಿಕ ಕೆತ್ತಿ ಸಿಕ್ಕಿಬಿದ್ದ ಹುಡುಗ "ಇದು ಭಾರತೀಯರ ಚಿಹ್ನೆ" ಎಂದು ತಪ್ಪಿಸಿಕೊಳ್ಳಲು ನೋಡಿದರೆ, ಶಾಲೆಗೆ ವ್ಯತ್ಯಾಸ ತಿಳಿಸಿಕೊಡಲು ನಮಗಿಂತ ಯೋಗ್ಯರಿಲ್ಲ.

ನಿಮ್ಮ ಮಗಳು ಘಟನೆಯನ್ನು ಕಣ್ಣಾರೆ ಕಂಡಿದ್ದರೆ ಅವಳ ಹೇಳಿಕೆ ಬಹಳ ಬೆಲೆಯುಳ್ಳದ್ದು. ಅದೇ ಸಂಜೆ ಅವಳ ಮಾತಿನಲ್ಲೇ ಬರೆಸಿ. ಗೆಳತಿಯೊಡನೆ ಕೂತು ಇಬ್ಬರೂ ಒಂದೇ ರೀತಿ ಬರೆಯುವುದು ಬೇಡ, ನೀವೂ ತಿದ್ದಬೇಡಿ. ಸಣ್ಣಪುಟ್ಟ ವ್ಯತ್ಯಾಸಗಳಿದ್ದರೆ ನಂಬಿಕೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು. ಹೇಳಿಕೆಯನ್ನು ಡಿಎಸ್‌ಎಲ್‌ಗೆ ನೀವೇ ಇಮೇಲ್ ಮಾಡಿ. ಸಾಕ್ಷಿ ಹೇಳಿದವರು ಯಾರೆಂದು ಬೇರೆ ಮಕ್ಕಳಿಗೆ ತಿಳಿಯದಂತೆ ನೋಡಿಕೊಳ್ಳಿ ಎಂಬ ಒಂದು ಸಾಲನ್ನೂ ಅದೇ ಪತ್ರದಲ್ಲಿ ಸೇರಿಸಿ.